ವಿಷಲ್ಲೂ ಅವರದೇ, ಬೀಗದ ಕೈಯೂ ಅವರದೇ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ಎಂ.ಪಿ.ಇಡಿ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಎರಡನೇ ವರ್ಷ. ಖೋಖೋ ಆಡುತ್ತಿದ್ದೆ, 800 ಮೀಟರ್ ಓಟದಲ್ಲಿ ಯೂನಿವರ್ಸಿಟಿ ತಂಡದಲ್ಲಿದ್ದೆ. ಅಮೆರಿಕದ ಸಣ್ಣ ಕಾಲೇಜುಗಳಲ್ಲಿ ಒಬ್ಬರೇ ಎರಡು ಮೂರು ಆಟಕ್ಕೆ ಕೋಚ್ ಆಗಿ, ಇಡೀ ಕ್ರೀಡಾ ವಿಭಾಗವನ್ನೂ ನಡೆಸಿ, ನಲವತ್ತು ಐವತ್ತು ವರ್ಷ ಒಂದೇ ಕಡೆ ದುಡಿದವರಿದ್ದಾರೆ ಎಂದು ನಮ್ಮ ಮೇಷ್ಟ್ರು ಹೇಳಿದರು. ಅದು ಹೇಗೆ ಸಾಧ್ಯವಾಯಿತು? ನಮ್ಮ ಗೈಡ್ ಮೇಡಂ ‘ಒಂದೇ ಆಟ ಹಿಡಿ, ಎನ್.ಐ.ಎಸ್. (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಮಾಡು’ ಅನ್ನುತ್ತಾರೆ. ಮನೆಯಲ್ಲಿ ‘ಕಾಲೇಜು ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಆಗು’ ಅನ್ನುತ್ತಾರೆ. ಅಮೆರಿಕಕ್ಕೆ ಹೋಗಿ ಅಂಥ ಕೆಲಸ ಹಿಡಿಯಬಹುದೇ ಎಂಬ ಆಸೆಯೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ನಿಜ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಲ್ಲಿನ ಸಣ್ಣ ಕಾಲೇಜುಗಳಲ್ಲಿ ಅದೇ ರೂಢಿ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಆಟಕ್ಕೊಬ್ಬ ಕೋಚ್, ಕೋಚಿಗೆ ಸಹಾಯಕರ ದಂಡು. ಸಣ್ಣ ಕಾಲೇಜಿನಲ್ಲಿ ಎಲ್ಲಕ್ಕೂ ಒಬ್ಬನೇ, ಅವನೇ ಅಥ್ಲೆಟಿಕ್ ಡೈರೆಕ್ಟರ್. ತಂಡ ಕಟ್ಟುವುದು ಒಂದು ಕೆಲಸ. ಯಾವ ಕಾಲೇಜಿನ ಜೊತೆ ಯಾವತ್ತು ಆಟ, ಬಸ್ಸು ಯಾರದು, ಬಿಲ್ಲು ಯಾರು ಪಾಸ್ ಮಾಡುತ್ತಾರೆ, ಗ್ರೌಂಡಿಗೆ ಸುಣ್ಣದ ಗೆರೆ ಯಾರು ಹೊಡೆಯುತ್ತಾರೆ ಎಂಬುದೆಲ್ಲ ಇನ್ನೊಂದು. ಮೂವತ್ತು ವರ್ಷ ಪಿ.ಡಿ. ಆಗಿದ್ದ ನನಗೆ ಈ ಪಟ್ಟಿ ಬಾಯಿಪಾಠ. ಅಮೆರಿಕದವರ ಬಗ್ಗೆ ನಾನು ಓದತೊಡಗಿದ್ದೂ ಅದಕ್ಕೇ. ನನ್ನ ಕಷ್ಟವನ್ನು ಬೇರೆ ಯಾರಾದರೂ ಪಟ್ಟಿದ್ದಾರೆಯೇ ಎಂದು ನೋಡುವ ಚಪಲ.

ಒಬ್ಬರ ಕತೆಯನ್ನು ಕೊಂಚ ಬಿಡಿಸಿ ಹೇಳುತ್ತೇನೆ. ಕ್ಲಾರೆನ್ಸ್ ಗೇನ್ಸ್ ಹುಟ್ಟಿದ್ದು 1923ರಲ್ಲಿ, ಕೆಂಟಕಿ ರಾಜ್ಯದ ಪಡೂಕಾದಲ್ಲಿ. ಭಾರೀ ಆಳು. ಮಾರ್ಗನ್ ಸ್ಟೇಟ್ ಕಾಲೇಜಿಗೆ ಸೇರಲು ಬಂದಾಗ ಅಲ್ಲಿನ ಸಿಬ್ಬಂದಿಯೊಬ್ಬರು, ನಿನಗಿಂತ ದೊಡ್ಡದು ಅಂತ ನಾನು ಕಂಡಿರುವುದು ಮನೆಯನ್ನು ಮಾತ್ರ ಎಂದು ನಕ್ಕರಂತೆ. ಅಲ್ಲಿಂದ ಕೊನೆಯವರೆಗೂ ಅವರ ಹೆಸರು ‘ಬಿಗ್ ಹೌಸ್’. ಓದಿದ್ದು ರಸಾಯನಶಾಸ್ತ್ರ, ಆಗಬೇಕೆಂದಿದ್ದು ಹಲ್ಲಿನ ಡಾಕ್ಟರು. 1945ರಲ್ಲಿ ಪದವಿ ಮುಗಿದಾಗ, ಸದ್ಯಕ್ಕೆ ಒಂದು ಕೆಲಸವಿರಲಿ ಎಂದು ನಾರ್ತ್ ಕ್ಯಾರೊಲೈನಾದ ವಿನ್‌ಸ್ಟನ್-ಸೇಲಂ ಟೀಚರ್ಸ್ ಕಾಲೇಜಿಗೆ ಸಹಾಯಕ ಕೋಚ್ ಆಗಿ ಹೋದರು. ಕರಿಯ ಜನಾಂಗದ ಮಕ್ಕಳನ್ನು ಶಿಕ್ಷಕರನ್ನಾಗಿ ತಯಾರು ಮಾಡುತ್ತಿದ್ದ ಕಾಲೇಜು ಅದು. ಮರುವರ್ಷ ಮೇಲಿದ್ದ ಕೋಚ್ ಬೇರೆ ಕಡೆ ಹೊರಟುಹೋದರು. ಇಪ್ಪತ್ಮೂರರ ಹುಡುಗನ ಕೈಗೆ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಡೈರೆಕ್ಟರ್ ಹುದ್ದೆ ಎಲ್ಲ ಒಟ್ಟಿಗೆ ಬಂತು. ಜೊತೆಗೆ ಪಾಠ, ಆಟಗಾರರ ಗಾಯಕ್ಕೆ ಪಟ್ಟಿ ಕಟ್ಟುವುದು, ಟಿಕೆಟ್ ಲೆಕ್ಕ. (ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮದಲ್ಲ, ಹೆಲ್ಮೆಟ್ ಹಾಕಿಕೊಂಡು ಕೈಯಲ್ಲಿ ಚೆಂಡು ಹಿಡಿದು ಓಡುವ ಅವರ ಆಟ.)

‘ಸದ್ಯಕ್ಕೆ’ ಎಂದು ಹೋದವರು ಅಲ್ಲಿಂದ ನಿವೃತ್ತರಾಗಿದ್ದು 1993ರಲ್ಲಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ 47 ಸೀಸನ್, 828 ಗೆಲುವು, 447 ಸೋಲು. ಅವರು ಬಿಟ್ಟಾಗ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರಿಗಿಂತ ಹೆಚ್ಚು ಗೆದ್ದಿದ್ದವರು ಕೆಂಟಕಿ ವಿಶ್ವವಿದ್ಯಾಲಯದ ಅಡಾಲ್ಫ್ ರಪ್ ಒಬ್ಬರೇ, 876 ಗೆಲುವು. 1967ರಲ್ಲಿ ಗೇನ್ಸ್ ತಂಡ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ಕಾಲೇಜ್ ಡಿವಿಷನ್, ಅಂದರೆ ಸಣ್ಣ ಕಾಲೇಜುಗಳ ವಿಭಾಗದ, ಪ್ರಶಸ್ತಿ ಗೆದ್ದಿತು. ಕರಿಯರ ಕಾಲೇಜೊಂದು ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಪಟ್ಟ ಹಿಡಿದದ್ದು ಅದೇ ಮೊದಲು. ಆ ವರ್ಷ 31 ಗೆಲುವು, ಒಂದೇ ಸೋಲು. ಅರ್ಲ್ ಮನ್ರೋ ಎಂಬ ಹುಡುಗ ಪಂದ್ಯಕ್ಕೆ ಸರಾಸರಿ 41.5 ಅಂಕ ಹೊಡೆದಿದ್ದ.

ಈ ಅಂಕಿಗಳನ್ನು ಯಾರು ಬೇಕಾದರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದಲ್ಲ, 1949. ಆ ವರ್ಷ ಗೇನ್ಸ್ ಫುಟ್‌ಬಾಲ್ ಕೋಚಿಂಗ್ ಬಿಟ್ಟರು. ಸೋತು ಬಿಟ್ಟಿದ್ದಲ್ಲ, ಹಿಂದಿನ ವರ್ಷವಷ್ಟೇ ಅವರ ಕಾಲೇಜು ಸೇರಿದ್ದ ಕಾಲೇಜುಗಳ ಒಕ್ಕೂಟದಲ್ಲಿ ಅವರನ್ನು ವರ್ಷದ ಕೋಚ್ ಎಂದು ಆರಿಸಿದ್ದರು. ಡೈರೆಕ್ಟರ್ ಕುರ್ಚಿಯನ್ನು ಬಿಡಲಿಲ್ಲ, ಒಂದು ಆಟವನ್ನು ಬಿಟ್ಟರು. ನೀವು ಕೇಳಿದ ‘ಹೇಗೆ ಸಾಧ್ಯ’ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ. ಮೂರು ಆಟಕ್ಕೆ ಐವತ್ತು ವರ್ಷವೂ ಕೋಚ್ ಆಗಿದ್ದವರನ್ನು ನಾನಂತೂ ಕಂಡಿಲ್ಲ. ಮೊದಲ ನಾಲ್ಕೈದು ವರ್ಷ ಎಲ್ಲವನ್ನೂ ಹೊತ್ತರು, ಆಮೇಲೆ ಒಂದೊಂದಾಗಿ ಇಳಿಸಿದರು. ಯಾವುದನ್ನು ಇಳಿಸಬೇಕು ಎಂದು ತಾವೇ ತೀರ್ಮಾನಿಸುವ ಸ್ಥಾನದಲ್ಲಿದ್ದರು, ಅಷ್ಟೇ.

ಲೂಸಿಯಾನದ ಗ್ರ್ಯಾಂಬ್ಲಿಂಗ್ ಕಾಲೇಜಿನ ಎಡ್ಡಿ ರಾಬಿನ್‌ಸನ್ ಅವರದು ಇದಕ್ಕಿಂತ ಬಡತನದ ಕತೆ. ಬ್ಯಾಟನ್ ರೂಜ್ ಊರಿನ ಹಿಂಡಿ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿ ಮಾಡುತ್ತಿದ್ದವರು 1941ರಲ್ಲಿ, 22ನೇ ವಯಸ್ಸಿಗೆ, ತಿಂಗಳಿಗೆ 63 ಡಾಲರ್ 75 ಸೆಂಟ್ ಸಂಬಳಕ್ಕೆ ಅಲ್ಲಿಗೆ ಬಂದರು. ಫುಟ್‌ಬಾಲ್ ಅವರದು, ಬ್ಯಾಸ್ಕೆಟ್‌ಬಾಲ್ ಅವರದು. ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಪಂದ್ಯದ ವರದಿ ಬರೆದು ಪತ್ರಿಕೆಗೆ ಕಳಿಸುವುದು ಅವರದೇ. ದೂರದ ಪಂದ್ಯಕ್ಕೆ ಹೊರಟರೆ ಹುಡುಗರಿಗೆ ಬುತ್ತಿ ಕಟ್ಟುವುದೂ ಅವರೇ, ಯಾಕೆಂದರೆ ದಾರಿಯ ಹೋಟೆಲುಗಳಲ್ಲಿ ಕರಿಯರಿಗೆ ಊಟ ಕೊಡುತ್ತಿರಲಿಲ್ಲ. ಬೇಸ್‌ಬಾಲ್ ಮಾತ್ರ ಅವರ ತಲೆಗೆ ಬರಲಿಲ್ಲ. ಅದನ್ನು ಕಾಲೇಜಿನ ಅಧ್ಯಕ್ಷ ರಾಲ್ಫ್ ಜೋನ್ಸ್ ಅವರೇ ನೋಡಿಕೊಳ್ಳುತ್ತಿದ್ದರು. ನಮ್ಮ ಪ್ರಿನ್ಸಿಪಾಲರು ಸಂಜೆ ಕಬಡ್ಡಿ ಅಂಕಣಕ್ಕೆ ಇಳಿದು ರೇಡಿಂಗ್ ಕಲಿಸುವುದನ್ನು ಊಹಿಸಿಕೊಳ್ಳಿ!

ಮೊದಲ ವರ್ಷ ರಾಬಿನ್‌ಸನ್ ತಂಡ ಮೂರು ಗೆದ್ದು ಐದು ಸೋತಿತು. ಮರುವರ್ಷ ಒಂಬತ್ತಕ್ಕೆ ಒಂಬತ್ತೂ ಗೆಲುವು, ಎದುರಾಳಿಗಳಿಗೆ ಇಡೀ ವರ್ಷ ಒಂದಂಕವನ್ನೂ ಬಿಟ್ಟುಕೊಡಲಿಲ್ಲ. ಹತ್ತಿ ಬಿಡಿಸಲು ಕೈ ಸಾಲದೆಂದು ಅಪ್ಪನೊಬ್ಬ ಮಕ್ಕಳನ್ನು ಊರಿಗೆ ಕರೆಸಿಕೊಂಡಾಗ, ರಾಬಿನ್‌ಸನ್ ಉಳಿದ ಹುಡುಗರನ್ನೆಲ್ಲ ಆ ಹೊಲಕ್ಕೆ ಕರೆದೊಯ್ದು ಹತ್ತಿ ಬಿಡಿಸಿಕೊಟ್ಟು ಆಟಗಾರರನ್ನು ವಾಪಸ್ ತಂದರು ಎನ್ನುತ್ತಾರೆ. ನಿಮ್ಮ ಹಾವೇರಿ ಕಡೆಯ ಹತ್ತಿ ಹೊಲಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಿಗ್ಗೆ ಬೇಗನೆ ಹಸುವಿನ ಕೊರಳ ಗಂಟೆ ಬಾರಿಸುತ್ತ ಹಾಸ್ಟೆಲಿನಲ್ಲಿ ಹುಡುಗರನ್ನು ಎಬ್ಬಿಸುತ್ತಿದ್ದರು, ಪ್ರಾಕ್ಟೀಸಿಗಲ್ಲ, ಕ್ಲಾಸಿಗೆ. 1997ರಲ್ಲಿ ಬಿಡುವಾಗ 408 ಗೆಲುವು. ಆದರೆ ಕೊನೆಯ ಮೂರು ವರ್ಷ ಸೋಲುಗಳೇ ಹೆಚ್ಚು, ಹೋಗಿ ಎನ್ನುವ ಒತ್ತಡವೂ ಇತ್ತು. ಒಂದೇ ಕಡೆ ಅಷ್ಟು ವರ್ಷ ಇದ್ದವರ ಕೊನೆ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಗೇನ್ಸ್ ಅವರ ಕೊನೆಯ ವರ್ಷಗಳೂ ಹೆಚ್ಚೇನೂ ಚೆನ್ನಾಗಿರಲಿಲ್ಲ.

ಈಗ ಉಳಿದರ್ಧ ಉತ್ತರ, ಕ್ಯಾಲೆಂಡರು. ಅಮೆರಿಕದ ಕಾಲೇಜು ಆಟಗಳು ಋತು ಹಿಡಿದು ನಡೆಯುತ್ತವೆ. ಸೆಪ್ಟೆಂಬರಿನಿಂದ ನವೆಂಬರ್ ಫುಟ್‌ಬಾಲ್, ಹಿಮ ಬಿದ್ದ ಮೇಲೆ ಒಳಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್, ಹಿಮ ಕರಗಿದ ಮೇಲೆ ಬೇಸ್‌ಬಾಲ್ ಮತ್ತು ಅಥ್ಲೆಟಿಕ್ಸ್. ಒಂದು ಮುಗಿದರೆ ಇನ್ನೊಂದು ಶುರು. ಕೋಚಿಗೂ ಅವೇ ಮೂರು ಪಾಳಿ, ಆಟಗಾರನಿಗೂ ಅವೇ ಮೂರು. ಫುಟ್‌ಬಾಲ್‌ನಲ್ಲಿ ಬೈದ ಹುಡುಗನನ್ನೇ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆನ್ನು ತಟ್ಟಬೇಕು. ಹುಡುಗನ ಮೊಣಕಾಲು ಎಷ್ಟು ತಡೆಯುತ್ತದೆ, ಮನೆಯಲ್ಲಿ ಏನು ನಡೆದಿದೆ, ಯಾವ ಪೇಪರ್ ಬಾಕಿ ಇದೆ ಎಂಬುದು ವರ್ಷವಿಡೀ ಒಬ್ಬನ ಕಣ್ಣಲ್ಲೇ ಇರುತ್ತಿತ್ತು.

ನಮ್ಮ ಅಂತರ ಕಾಲೇಜು ವೇಳಾಪಟ್ಟಿ ಗೊತ್ತಲ್ಲ. ಸೆಮಿಸ್ಟರ್ ಪರೀಕ್ಷೆಗಳ ನಡುವೆ ಸಿಕ್ಕ ಸಂದಿಯಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್, ಬಾಲ್ ಬ್ಯಾಡ್ಮಿಂಟನ್, ಅಥ್ಲೆಟಿಕ್ ಮೀಟ್ ಎಲ್ಲವನ್ನೂ ತುರುಕುತ್ತಾರೆ. ಒಮ್ಮೆ ವಾಲಿಬಾಲ್ ಮತ್ತು ಅಥ್ಲೆಟಿಕ್ಸ್ ಒಂದೇ ದಿನ ಎರಡು ಊರಲ್ಲಿ ಬಿದ್ದವು. ನಾನು ವಾಲಿಬಾಲ್ ತಂಡದ ಜೊತೆ ಹೋದೆ. ಉದ್ದಜಿಗಿತದ ಹುಡುಗಿಯೊಬ್ಬಳು ಮೀಟ್‌ಗೆ ತಾನೇ ಬಸ್ಸು ಹತ್ತಿ ಹೋಗಿದ್ದಳು. ಅವಳ ಎಲಿಜಿಬಿಲಿಟಿ ಫಾರ್ಮ್ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಸಂಜೆ ಫೋನ್ ಮಾಡಿ ‘ಪರವಾಗಿಲ್ಲ ಬಿಡಿ ಸರ್’ ಅಂದಳು. ತಪ್ಪು ಪೂರ್ತಿ ನನ್ನದು. ಆ ‘ಪರವಾಗಿಲ್ಲ’ ಇವತ್ತಿಗೂ ಚುಚ್ಚುತ್ತದೆ. ಗೇನ್ಸ್ ಅವರಿಗಿದ್ದಂಥ ಕ್ಯಾಲೆಂಡರು ನನಗಿರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಸಮಾಧಾನ ಮಾಡಿಕೊಂಡೆ, ಅದು ನೆಪ ಎಂದು ಗೊತ್ತಿದ್ದೂ.

ಬೀಗದ ಕೈಯ, ಅಂದರೆ ಅಧಿಕಾರದ, ವಿಷಯಕ್ಕೆ ಬರುತ್ತೇನೆ. ಕೋಚೂ ಡೈರೆಕ್ಟರೂ ಒಬ್ಬರೇ ಆಗಿದ್ದರೆ ದುಡಿಮೆ ಎರಡು ಪಟ್ಟು, ನಿಜ. ಅಧಿಕಾರವೂ ಅಷ್ಟೇ. ಮುಂದೆ ಲಾಸ್ ಏಂಜಲೀಸ್‌ನಲ್ಲಿ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಜಾನ್ ವುಡನ್ 1946ರಿಂದ ಎರಡು ವರ್ಷ ಇಂಡಿಯಾನಾ ಸ್ಟೇಟ್ ಟೀಚರ್ಸ್ ಕಾಲೇಜಿನಲ್ಲಿದ್ದರು: ಬ್ಯಾಸ್ಕೆಟ್‌ಬಾಲ್ ಕೋಚ್, ಬೇಸ್‌ಬಾಲ್ ಕೋಚ್, ಅಥ್ಲೆಟಿಕ್ ಡೈರೆಕ್ಟರ್. 1947ರಲ್ಲಿ ಅವರ ತಂಡಕ್ಕೆ ಕ್ಯಾನ್ಸಸ್ ಸಿಟಿಯ ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂತು. ಅಲ್ಲಿ ಕರಿಯ ಆಟಗಾರರಿಗೆ ಪ್ರವೇಶವಿರಲಿಲ್ಲ. ವುಡನ್ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಒಬ್ಬ ಕರಿಯ ಹುಡುಗನಿದ್ದ, ಆಡುವ ಐವರಲ್ಲೂ ಅಲ್ಲ, ಬದಲಿ ಆಟಗಾರ. ವುಡನ್ ಆಹ್ವಾನ ತಿರಸ್ಕರಿಸಿದರು. ಮರುವರ್ಷ ನಿಯಮ ಬದಲಾಯಿತು, ವಾಕರ್ ಆಡಿದ. ಬರೀ ಕೋಚ್ ಆಗಿದ್ದರೆ ಡೈರೆಕ್ಟರ್ ಒಪ್ಪಿಗೆ ಕೇಳಬೇಕಿತ್ತು. ಅವರು ತಮ್ಮನ್ನು ತಾವೇ ಕೇಳಿಕೊಂಡರೆ ಸಾಕಿತ್ತು.

ಇನ್ನೊಂದು ಮಾತು. ಈ ಹಳಬರಲ್ಲಿ ಹೆಚ್ಚಿನವರು ಪಾಠ ಮಾಡುವ ಮೇಷ್ಟ್ರೂ ಆಗಿದ್ದರು, ಸಂಬಳ ಬರುತ್ತಿದ್ದದ್ದು ಆ ಲೆಕ್ಕದಲ್ಲಿ. ಒಂದು ವರ್ಷ ಸೋತರೆ ಕೆಲಸ ಹೋಗುತ್ತಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಆಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿ ಗೆದ್ದದ್ದು 55, ಸೋತದ್ದು 60. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಕೋಚುಗಳ ಸಾಲಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವವರು ಅವರೊಬ್ಬರೇ! ಆದರೂ ಮರ್ಯಾದೆಯಿಂದ ಅಲ್ಲೇ ಪ್ರೊಫೆಸರ್ ಆಗಿ ಉಳಿದರು. ನೈಸ್ಮಿತ್ 1891ರಲ್ಲಿ ಆ ಆಟ ರೂಪಿಸಿದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಾಲೆಯಲ್ಲೇ ಓದಿದ ಹ್ಯಾರಿ ಬಕ್ ಎಂಬವರು ಮದರಾಸಿಗೆ ಬಂದು 1920ರಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ಎಲ್ಲ ಆಟ ಗೊತ್ತಿರುವ, ಪಾಠವನ್ನೂ ಮಾಡುವ, ಮೈದಾನವನ್ನೂ ನಡೆಸುವ ‘ಫಿಸಿಕಲ್ ಡೈರೆಕ್ಟರ್’ ಎಂಬ ಕಲ್ಪನೆ ದಕ್ಷಿಣ ಭಾರತದ ಕಾಲೇಜುಗಳಿಗೆ ಬಂದ ಒಂದು ದೊಡ್ಡ ದಾರಿ ಅದು. ಅಂದರೆ ಗೇನ್ಸ್ ಮತ್ತು ನಾನು ದೂರದ ನೆಂಟರು.

ನೀವು ಹೆಣ್ಣುಮಗಳಾದ್ದರಿಂದ ಒಂದನ್ನು ಮುಚ್ಚಿಡದೆ ಹೇಳಬೇಕು. ಇಲ್ಲಿಯವರೆಗೆ ನಾನು ಹೆಸರಿಸಿದವರೆಲ್ಲ ಗಂಡಸರು. ಆ ಕಾಲದ ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ದೈಹಿಕ ಶಿಕ್ಷಣ ಬೇರೆಯೇ ವಿಭಾಗ, ಅದರ ಮುಖ್ಯಸ್ಥರು ಹೆಂಗಸರೇ. ಅವರೂ ನಾಲ್ಕು ಆಟ ಕಲಿಸುತ್ತಿದ್ದರು, ಹಲವರಿಗೆ ಕೋಚಿಂಗಿಗೆಂದು ಬೇರೆ ಸಂಬಳವಿರಲಿಲ್ಲ. ವಿವಿಯನ್ ಸ್ಟ್ರಿಂಗರ್ 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಚೇನಿ ಸ್ಟೇಟ್ ಎಂಬ ಪುಟ್ಟ ಕಾಲೇಜಿನಲ್ಲಿ ಪಾಠದ ಸಂಬಳಕ್ಕೆ ದುಡಿಯುತ್ತ ಬ್ಯಾಸ್ಕೆಟ್‌ಬಾಲ್ ತಂಡವನ್ನು ಸಂಬಳವಿಲ್ಲದೆ ಕಟ್ಟಿದರು. 1982ರಲ್ಲಿ ಎನ್‌ಸಿಎಎ ಮೊಟ್ಟಮೊದಲ ಬಾರಿಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ನಡೆಸಿದಾಗ ಫೈನಲ್‌ಗೆ ಬಂದ ಎರಡು ತಂಡಗಳಲ್ಲಿ ಒಂದು ಅವರದು.

1972ರಲ್ಲಿ ‘ಟೈಟಲ್ ನೈನ್’ ಕಾನೂನು ಬಂತು. ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಗಂಡು ಹೆಣ್ಣು ಎಂಬ ತಾರತಮ್ಯ ಮಾಡುವಂತಿಲ್ಲ. ಹುಡುಗಿಯರ ತಂಡಗಳು ಎಲ್ಲೆಡೆ ಹುಟ್ಟಿಕೊಂಡವು, ಹಣ ಬಂತು. ಹಣದ ಹಿಂದೆ ಗಂಡಸರೂ ಬಂದರು. ಎರಡು ವಿಭಾಗಗಳನ್ನು ಸೇರಿಸಿ ಒಂದು ಮಾಡಿದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಗಂಡಸು ಡೈರೆಕ್ಟರ್ ಆದ, ಅಷ್ಟು ವರ್ಷ ತಾನೇ ಯಜಮಾನಿಯಾಗಿದ್ದ ಹೆಂಗಸು ಅವನ ಕೈಕೆಳಗೆ ಬಂದಳು. 1972ರಲ್ಲಿ ಮಹಿಳಾ ತಂಡಗಳ ಕೋಚುಗಳಲ್ಲಿ ಶೇ 90ಕ್ಕೂ ಹೆಚ್ಚು ಮಹಿಳೆಯರಿದ್ದರು. ಈಗ ಅರ್ಧಕ್ಕಿಂತ ಕಡಿಮೆ. ಅಷ್ಟು ಒಳ್ಳೆಯ ಕಾನೂನಿಗೆ ಇಂಥ ಅಡ್ಡ ಪರಿಣಾಮ!

ಎಲ್ಲ ಆಟವನ್ನೂ ಒಬ್ಬರೇ ಹೊರುವ ಪದ್ಧತಿ ಮುರಿದದ್ದೂ ಹೆಚ್ಚುಕಡಿಮೆ ಆಗಲೇ. ತಂಡಗಳ ಸಂಖ್ಯೆ ಏರಿತು. ಸೀಸನ್ನುಗಳು ಉದ್ದವಾಗಿ ಒಂದರ ಮೇಲೊಂದು ಬಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಹೈಸ್ಕೂಲುಗಳನ್ನು ಸುತ್ತಿ ಆಟಗಾರರನ್ನು ಹುಡುಕಿ ತರುವ ಕೆಲಸ ವರ್ಷವಿಡೀ ಚಾಚಿಕೊಂಡಿತು. ಇವತ್ತು ಅಲ್ಲಿ ಸಣ್ಣ ಕಾಲೇಜು ಎಂದರೆ ಬಹುಪಾಲು ‘ಡಿವಿಷನ್ ತ್ರೀ’. 1973ರಲ್ಲಿ ಎನ್‌ಸಿಎಎ ಮಾಡಿದ ವಿಂಗಡಣೆ, ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಬಹಳಷ್ಟು ಕಾಲೇಜುಗಳು ನಡೆಯುವುದು ಮಕ್ಕಳ ಫೀಸಿನಿಂದ. ಆದ್ದರಿಂದ ಕೋಚ್ ಮೂವತ್ತು ಹುಡುಗಿಯರನ್ನು ನಮ್ಮ ಬಗೆಯ ಫುಟ್‌ಬಾಲ್ ಆಡಲು ಕರೆತಂದ ಎಂದರೆ ಮೂವತ್ತು ಅಡ್ಮಿಷನ್ ಆದವು ಎಂದೇ ಅರ್ಥ. ಕಾಲೇಜಿನವರು ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕ ಅದೇ. ಇಂದಿನ ಡೈರೆಕ್ಟರ್ ಬಜೆಟ್ಟು, ನೇಮಕಾತಿ, ದೇಣಿಗೆ, ಕಾನೂನು ಪಾಲನೆ ನೋಡಿಕೊಳ್ಳುವ ಆಫೀಸರ್. ಅವರ ಮೇಜಿನ ಡ್ರಾಯರಿನಲ್ಲಿ ವಿಷಲ್ ಇರಬಹುದು, ಊದುವುದು ಅಪರೂಪ.

ಹಳೆಯ ತಲೆಮಾರಿನ ಕೊನೆಯ ಕೊಂಡಿಗಳಲ್ಲಿ ಒಬ್ಬರು ಜಾನ್ ಗ್ಯಾಲಿಯಾರ್ಡಿ. ಹೈಸ್ಕೂಲಿನಲ್ಲಿದ್ದಾಗ ಕೋಚ್ ಯುದ್ಧಕ್ಕೆ ಹೋದ ಕಾರಣ 16ನೇ ವಯಸ್ಸಿಗೇ ತಮ್ಮ ತಂಡಕ್ಕೆ ತಾವೇ ಕೋಚ್ ಆದವರು. 1953ರಲ್ಲಿ ಮಿನೆಸೋಟದ ಸೇಂಟ್ ಜಾನ್ಸ್ ಕಾಲೇಜಿಗೆ ಬಂದರು, ಕೆಲವು ವರ್ಷ ಐಸ್ ಹಾಕಿಯನ್ನೂ ನೋಡಿಕೊಂಡರು. 2012ರಲ್ಲಿ ಬಿಡುವಾಗ ಫುಟ್‌ಬಾಲ್‌ನಲ್ಲಿ 489 ಗೆಲುವು, ಕಾಲೇಜು ಫುಟ್‌ಬಾಲ್‌ನಲ್ಲಿ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. ಅವರ ಪ್ರಾಕ್ಟೀಸಿನಲ್ಲಿ ವಿಷಲ್ ಇರಲಿಲ್ಲ, ಎದುರಾಳಿಯನ್ನು ಕೆಡವುತ್ತಿರಲಿಲ್ಲ, ‘ಕೋಚ್’ ಎಂದು ಕರೆಯುವಂತಿರಲಿಲ್ಲ, ಹುಡುಗರು ‘ಜಾನ್’ ಅನ್ನಬೇಕಿತ್ತು. ನಮ್ಮ ಕಡೆ ಇದು ನಡೆಯುವ ಮಾತಲ್ಲ ಬಿಡಿ.

ಇನ್ನು ನಿಮ್ಮ ವಿಷಯ. ಅಮೆರಿಕಕ್ಕೆ ಹೋಗುವುದಾದರೆ ದಾರಿ ಇದೆ, ಕಿರಿದು. ಅಲ್ಲಿ ಇನ್ನೊಂದು ಮಾಸ್ಟರ್ ಡಿಗ್ರಿ ಓದುತ್ತ ‘ಗ್ರಾಜುಯೇಟ್ ಅಸಿಸ್ಟೆಂಟ್’ ಆಗಿ ತಂಡವೊಂದರಲ್ಲಿ ದುಡಿಯುವುದು. ಫೀಸಿನಲ್ಲಿ ವಿನಾಯಿತಿ, ಕೈಖರ್ಚಿಗೆ ಒಂದಿಷ್ಟು. ಆಮೇಲೆ ಸಹಾಯಕ ಕೋಚ್, ಆಮೇಲೆ ಉಳಿದದ್ದು. ವೀಸಾ ನಡುವೆ ಯಾವಾಗ ಬೇಕಾದರೂ ಅಡ್ಡ ನಿಲ್ಲಬಹುದು. ನಿಮ್ಮ ಖೋಖೋ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಮ್ಮ 800 ಮೀಟರ್ ಬರುತ್ತದೆ. ಹಳೆಯ ‘ಮೂರು ಪಾಳಿ’ಯ ಕೋಚ್ ಈಗಲೂ ಬದುಕಿರುವುದು ಹೆಚ್ಚಾಗಿ ಅಥ್ಲೆಟಿಕ್ಸ್‌ನಲ್ಲಿ. ಶರತ್ಕಾಲಕ್ಕೆ ಗುಡ್ಡಗಾಡು ಓಟ, ಚಳಿಗೆ ಒಳಾಂಗಣ ಟ್ರ್ಯಾಕ್, ವಸಂತಕ್ಕೆ ಹೊರಾಂಗಣ ಟ್ರ್ಯಾಕ್. ಸಣ್ಣ ಕಾಲೇಜುಗಳಲ್ಲಿ ಹುಡುಗರು ಹುಡುಗಿಯರು ಎರಡೂ ಕಡೆಗೆ ಒಬ್ಬರೇ ಕೋಚ್ ಇರುವುದು ಇವತ್ತಿಗೂ ಸಾಮಾನ್ಯ.

ಇಲ್ಲೇ ಇರುವುದಾದರೆ, ನಿಮ್ಮ ಗೈಡ್ ಮೇಡಂ ಹೇಳಿದ್ದು ತಪ್ಪಲ್ಲ, ಆದರೆ ಅದು ಬೇರೆ ಕೆಲಸ. ಎನ್.ಐ.ಎಸ್. ಡಿಪ್ಲೊಮಾ ನಿಮ್ಮನ್ನು ಒಂದು ಆಟದ ಕೋಚ್ ಮಾಡುತ್ತದೆ, ಕ್ರೀಡಾ ಹಾಸ್ಟೆಲಿಗೋ ಅಕಾಡೆಮಿಗೋ ಒಯ್ಯುತ್ತದೆ. ಕಾಲೇಜು ಪಿ.ಡಿ. ಹುದ್ದೆಗೆ ಎಂ.ಪಿ.ಇಡಿಯಲ್ಲಿ ಶೇ 55, ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ, ಅಂತರ ಕಾಲೇಜು ಮಟ್ಟದಲ್ಲೋ ಅದಕ್ಕೂ ಮೇಲೋ ಆಡಿದ ದಾಖಲೆ ಬೇಕು. ದೇಹದಾರ್ಢ್ಯ ಪರೀಕ್ಷೆಯೂ ಉಂಟು, 30 ವರ್ಷದೊಳಗಿನ ಮಹಿಳೆಯರಿಗೆ 8 ನಿಮಿಷದಲ್ಲಿ 1000 ಮೀಟರ್. 800 ಮೀಟರ್ ಓಡಿದವರಿಗೆ ಅದು ನಡೆದುಕೊಂಡು ಹೋದ ಹಾಗೆ.

ಎರಡರಲ್ಲಿ ಯಾವುದು ಎಂದು ನನ್ನನ್ನು ಕೇಳಿದರೆ, ನಿಮಗೆ ಪ್ರಾಕ್ಟೀಸ್ ಮುಗಿದ ಮೇಲೆ ಬಿಲ್ಲು ಬರೆಯುವುದು, ಬಸ್ಸಿಗೆ ಫೋನ್ ಮಾಡುವುದು, ಟಿ.ಎ. ಡಿ.ಎ.ಗಾಗಿ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕಾಯುವುದು ಸಹಿಸಲಾಗದ ಕಿರಿಕಿರಿ ಎನಿಸಿದರೆ ಪಿ.ಡಿ. ಆಗಬೇಡಿ, ಒಂದು ಆಟ ಹಿಡಿಯಿರಿ. ಅದು ನನಗೆ ಬರುತ್ತದೆ, ಹುಡುಗಿಯರು ಹೊತ್ತಿಗೆ ಸರಿಯಾಗಿ ಅಂಕಣಕ್ಕೆ ಇಳಿದದ್ದೇ ನನಗೆ ಅರ್ಧ ಗೆಲುವು ಅನ್ನಿಸಿದರೆ ಪಿ.ಡಿ. ಆಗಿ. ಮೊದಲೆರಡು ವರ್ಷ ಎಲ್ಲ ಆಟವನ್ನೂ ಹೊತ್ತು ನೋಡಿ, ಮೂರನೇ ವರ್ಷ ಒಂದೆರಡನ್ನು ಇಳಿಸಿ. ಯಾವುದನ್ನು ಎಂದು ಪ್ರಿನ್ಸಿಪಾಲರು ಹೇಳುವ ಮೊದಲು ನೀವೇ ಹೇಳಿ.

ಮತ್ತೆ, ಕೆಲಸಕ್ಕೆ ಸೇರಿದ ದಿನ ಸ್ಟಾಕ್ ರಿಜಿಸ್ಟರ್ ತರಿಸಿಕೊಂಡು ಒಂದೊಂದು ಚೆಂಡನ್ನೂ ಎಣಿಸಿ. ಎಣಿಸದೆ ಸಹಿ ಹಾಕಬೇಡಿ. ನಾನು ಹಾಕಿದ್ದೆ, ಹಿಂದಿನವರ ಕಾಲದ ಹನ್ನೊಂದು ವಾಲಿಬಾಲ್‌ಗೆ ನಿವೃತ್ತಿಯ ಹೊತ್ತಿನಲ್ಲಿ ಉತ್ತರ ಬರೆಯಬೇಕಾಯಿತು.